ಬಿಸಿಲಿಂದ ಎಣಿಸಲೋ, ನೆರಳಿಂದ ಎಣಿಸಲೋ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಇನ್ನೂ ತೊಟ್ಟಿಲು ಕಟ್ಟದೇ ಇದ್ದ ಕಾಲದಲ್ಲಿ, ಏಳು ಸಮುದ್ರ ದಾಟಿದ ಮೇಲೆ ಸ್ಕಾಟ್ಲೆಂಡು ಅಂತ ಒಂದು ಚಳಿ ದೇಶ ಇತ್ತಂತೆ. ಈಗಲೂ ಇದೆ, ಎಲ್ಲಿಗೂ ಹೋಗಿಲ್ಲ, ನೀನು ಮೊದಲು ಕಾಲು ಒಳಗೆ ಎಳ್ಕೊ, ರಗ್ಗು ಜಾರ್ತಿದೆ. ಈ ಕತೆ ನನಗೆ ನಮ್ಮಜ್ಜಿ ಹೇಳಿದ್ದಲ್ಲ ಪುಟ್ಟಕ್ಕ. ನಿಮ್ಮ ದೊಡ್ಡಪ್ಪ ಹುಟ್ಟಿದಾಗ ಹೆರಿಗೆ ಆಸ್ಪತ್ರೆಯಲ್ಲಿ ಆ ದೇಶದ ಒಬ್ಬ ನರ್ಸಮ್ಮ ಇದ್ಲು, ಕೆಂಪು ಕೆನ್ನೆಯೋಳು, ಮಗುವು ಅತ್ತಿತು, ಹಾಲನ್ನು ಕುಡಿಯಿತು ಅಂತ ಪುಸ್ತಕದ ಕನ್ನಡ ಆಡೋಳು. ನನಗೆ ನಿದ್ದೆ ಹತ್ತದೇ ಇದ್ದಾಗ ಪಕ್ಕದಲ್ಲಿ ಕೂತು ಹೇಳಿದ್ಲು. ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದಷ್ಟು ಹೇಳ್ತೀನಿ, ಮಿಕ್ಕಿದ್ದಕ್ಕೆ ನನ್ನ ಒಗ್ಗರಣೆ.

ಆ ದೇಶದಲ್ಲಿ ಒಂದು ಗುಡ್ಡ ಇತ್ತಂತೆ, ಆ ಗುಡ್ಡಕ್ಕೆ ಎರಡು ಮೈ. ಒಂದು ಬಿಸಿಲ ಮೈ, ಸೂರ್ಯ ಹುಟ್ಟಿದ್ದೇ ತಡ ಅಲ್ಲಿ ಬಿಸಿಲು. ಇನ್ನೊಂದು ನೆರಳ ಮೈ, ಅಲ್ಲಿ ಬಿದ್ದ ಹಿಮ ಕರಗಬೇಕಾದ್ರೆ ನಮ್ಮ ಯುಗಾದಿ ಕಳೀಬೇಕು. ಆ ಗುಡ್ಡವೆಲ್ಲ ಫರ್ಗಸ್ ಅನ್ನೋ ಒಬ್ಬ ರೈತನದು. ಹೊಲ ಅಂದ್ರೆ ನಮ್ಮ ಹಾಗೆ ಅಗಲವಾಗಿ ಅಲ್ಲ, ಗುಡ್ಡಕ್ಕೆ ಅಡ್ಡವಾಗಿ ಉದ್ದುದ್ದ ಪಟ್ಟಿ ಪಟ್ಟಿ, ಜಮಖಾನದ ಪಟ್ಟೆ ಇರ್ತವಲ್ಲ ಹಾಗೆ, ನೆರಳ ಮೈಯ ಬುಡದಿಂದ ಶುರುವಾಗಿ ಗುಡ್ಡ ಹತ್ತಿ, ಇಳಿದು, ಬಿಸಿಲ ಮೈಯಲ್ಲಿ ಅವರ ಮನೆ ಬಾಗಿಲ ತನಕ ಒಂದರ ಪಕ್ಕ ಒಂದು. ಏನು ಬೆಳೀತಿದ್ರು ಅಂತೀಯಾ? ಡಾಕ್ಟರು ನಿಮ್ಮ ತಾತಂಗೆ ಗಂಜಿ ಮಾಡಿ ಕೊಡಿ ಅಂದ್ರಲ್ಲ, ತಾತ ಮುಖ ಕಿವುಚ್ಕೊಂಡು ಕುಡೀತಾರಲ್ಲ, ಅದೇ ಓಟ್ಸು. ಅವರಿಗೆ ಅದೇ ರಾಗಿ, ಅದೇ ಅಕ್ಕಿ, ಅದರದೇ ರೊಟ್ಟಿ.

ಫರ್ಗಸನ ಹೆಂಡತಿ ಮಾರ್ಸಲಿ. ಅವಳು ಆ ಮನೆಗೆ ಬಂದಾಗ ಉಟ್ಟ ಬಟ್ಟೆ ಬಿಟ್ರೆ ಒಂದು ಕಂಬಳಿ ತಂದಿದ್ಲಂತೆ, ಅಷ್ಟೇ. ಆದ್ರೆ ಆ ಹೊಲದ ಕಲ್ಲು ಆರಿಸಿದ್ದು ಅವಳು, ಕುರಿಗೊಬ್ಬರ ಹೊತ್ತಿದ್ದು ಅವಳು. ಅವರಿಗೆ ಮೂರು ಜನ ಮಕ್ಕಳು, ಮೂರೂ ಹೆಣ್ಣು. ಹಿರಿಯೋಳು ಮರಿಯೋಟ, ನಡುವಿನೋಳು ಬೇಥಾಕ್, ಕಿರಿಯೋಳು ಆಫ್ರಿಕಾ. ನಗಬೇಡ ಕಣೆ, ನಿಜವಾಗಲೂ ಅದೇ ಹೆಸರು. ಅದು ದೇಶದ ಹೆಸರಲ್ವಾ ಅಂತ ನಾನೂ ನರ್ಸಮ್ಮನ್ನ ಕೇಳಿದ್ದೆ. ನಮ್ಮ ಕಡೆ ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರು ಇಡುತ್ತಿದ್ದರು ಅಂದ್ಲು. ನಮ್ಮಲ್ಲಿ ಕಾಶಿ, ಕಾವೇರಿ ಅಂತ ಇಡಲ್ವಾ, ಹಾಗೇ ಅಂದ್ಕೊ.

ಆಮೇಲೆ ಒಂದು ಚಳಿಗಾಲ ಫರ್ಗಸ್ ಕೆಮ್ಮಿ ಕೆಮ್ಮಿ ಮಲಗಿದೋನು ಏಳಲೇ ಇಲ್ಲವಂತೆ. ಇನ್ನೂ ಮಣ್ಣು ಮಾಡಿ ಬಂದ ಕಾಲು ತೊಳೆದಿಲ್ಲ, ಅವನ ತಮ್ಮ ದುಗಾಲ್ ಬಂದು ಒಲೆ ಮುಂದೆ ಕೂತನಂತೆ. ಈ ದುಗಾಲನ ಹೊಲ ಇದ್ದದ್ದು ಗುಡ್ಡದ ಆಚೆ, ನೆರಳ ಮೈಯ ಬದುವಿಗೆ ಅಂಟಿಕೊಂಡು. ಬೆರಳು ತೋರಿಸಿದ್ರೆ ಹಸ್ತ ನುಂಗೋ ಆಸಾಮಿ. ಅತ್ತಿಗೆ, ಅಣ್ಣನಿಗೆ ಗಂಡು ಸಂತಾನ ಇಲ್ಲ, ಇನ್ನು ಈ ಗುಡ್ಡ ನಂದು, ಮಕ್ಕಳಿಗೆ ಮದುವೆ ನಾನು ಮಾಡ್ತೀನಿ, ನೀನು ನಿನ್ನ ಕಂಬಳಿ ತಗೊಂಡು ತೌರಿಗೆ ಹೋಗಬಹುದು ಅಂದನಂತೆ. ತೌರು ಎಲ್ಲಿತ್ತು ಪಾಪ ಅವಳಿಗೆ? ಅಪ್ಪ ಅಮ್ಮ ಹೋಗಿ ಎಷ್ಟೋ ವರ್ಷ ಆಗಿತ್ತು. ಅವಳು ಒಲೆಗೆ ಇನ್ನೊಂದು ಕೊಳ್ಳಿ ಒಟ್ಟಿದ್ಲಂತೆ. ಆಫ್ರಿಕಾ ಅಮ್ಮನ ಬಟ್ಟೆಯ ಅಂಚು ಹಿಡ್ಕೊಂಡು, ಅಮ್ಮ ಹೋದ್ರೆ ನಾನೂ ಹೋಗ್ತೀನಿ, ಹೊಲ ಯಾರಿಗೆ ಬೇಕು ಅಂತ ಅಳೋಕೆ ಶುರುಮಾಡಿದ್ಲಂತೆ. ಈ ಮಾತು ನಮ್ಮ ಕಡೆ ಹೊಸದೇನಲ್ಲ ಬಿಡು. ಹೆಣ್ಣುಮಕ್ಕಳಿಗೆ ಎಂಥದು ಹೊಲ ಅಂತ ನಮ್ಮಪ್ಪನ ಮನೆಯಲ್ಲೂ ಅಂದ್ರು, ನನಗೆ ಸಿಕ್ಕಿದ್ದು ಅರಿಶಿನ ಕುಂಕುಮ. ಇರಲಿ, ಈಗ ಅವರ ಕತೆ.

ಮರಿಯೋಟ ಗಟ್ಟಿಗಿತ್ತಿ. ಚಿಕ್ಕಪ್ಪ, ಯಾರದು ಅನ್ನೋದನ್ನ ನೀನೂ ಹೇಳಬೇಡ, ನಾನೂ ಹೇಳಲ್ಲ, ಊರು ಹೇಳಲಿ ಅಂದ್ಲಂತೆ. ಆ ದೇಶದಲ್ಲಿ ರಾಜನ ಕಡೆಯ ಅಧಿಕಾರಿ ಒಬ್ಬ ಇರ್ತಿದ್ದ, ಶೆರೀಫ ಅಂತ, ನಮ್ಮ ಹಳೇ ಕಾಲದ ಅಮಲ್ದಾರ ಇದ್ದ ಹಾಗೆ. ಹೊಲದ ಯಜಮಾನ ಸತ್ತಾಗ ಅವನು ಬಂದು ಊರಿನ ನಂಬಿಕಸ್ಥ ಹಿರಿಯರನ್ನ ಕೂಡಿಸಿ, ಆಣೆ ಮಾಡಿಸಿ, ಸತ್ತೋನಿಗೆ ಹತ್ತಿರದ ವಾರಸುದಾರ ಯಾರು ಅಂತ ಕೇಳೋನು. ಅವರು ಏನು ಹೇಳ್ತಾರೋ ಅದೇ ಖಾಯಂ.

ದುಗಾಲ್ ಹಿಂದಿನ ದಿನವೇ ಆ ಹಿರಿಯರಿಗೆಲ್ಲ ಕರೆದು ಕರೆದು ಕುರಿ ಊಟ ಹಾಕಿದನಂತೆ. ಅವರು ಬೇಡ ಅನ್ನಲಿಲ್ಲ, ಚೆನ್ನಾಗಿ ತಿಂದ್ರಂತೆ, ಮೂಳೆಯನ್ನೂ ಚೀಪಿದ್ರಂತೆ. ಮಾರನೇ ದಿನ ಶೆರೀಫನ ಮುಂದೆ ಕೈ ಎತ್ತಿ ಆಣೆ ಮಾಡಿ, ಗಂಡು ಇದ್ದಿದ್ರೆ ಗಂಡಿಗೆ, ಗಂಡಿಲ್ಲದ ಮೇಲೆ ಹೆಣ್ಣುಮಕ್ಕಳಿಗೆ, ಅಣ್ಣನ ರಕ್ತ ಇರುವಾಗ ತಮ್ಮನ ಮಾತೇ ಬರಲ್ಲ ಅಂದ್ರಂತೆ. ಹಾಗಾದ್ರೆ ಮೂವರಲ್ಲಿ ಯಾರಿಗೆ ಅಂತ ಶೆರೀಫ ಕೇಳಿದ್ದಕ್ಕೆ, ಅವರಲ್ಲಿ ಮುದುಕನೊಬ್ಬ, ನಮ್ಮ ಲೆಕ್ಕದಲ್ಲಿ ಆ ಮೂವರೂ ಸೇರಿದ್ರೆ ಒಬ್ಬ ವಾರಸುದಾರ, ಮೂವರಿಗೂ ಸಮಪಾಲು, ಮನೆ ಮಾತ್ರ ಹಿರಿಯೋಳಿಗೆ ಅಂದನಂತೆ. ದುಗಾಲನ ಮುಖ ಇಂಗು ತಿಂದ ಮಂಗನ ಹಾಗಾಯ್ತಂತೆ. ಮೂರೂ ಹುಡುಗೀರು ಹೋಗಿ ಆ ಮುದುಕನ ಕೈ ಹಿಡ್ಕೊಂಡು ಕಣ್ಣಿಗೆ ಒತ್ಕೊಂಡ್ರಂತೆ. ಅವನು ಮಾತ್ರ, ನನಗ್ಯಾಕೆ ಉಪಕಾರ ಹೇಳ್ತೀರಿ, ಇದ್ದದ್ದು ಇದ್ದ ಹಾಗೆ ಹೇಳಿದೆ ಅಂತ ಕೈ ಕೊಡವಿಕೊಂಡು ಹೊರಟನಂತೆ. ಇದ್ದದ್ದು ಇದ್ದ ಹಾಗೆ ಹೇಳೋರು ಸಿಗೋದೇ ಪುಣ್ಯ ಅಲ್ವಾ ಮಗಾ, ಅದಕ್ಕೂ ಕೈ ಮುಗೀಬೇಕು.

ಇದು ದುಗಾಲನ ಒಂದನೇ ಆಟ, ಕೆಟ್ಟಿತು. ಆಮೇಲೆ ದುಗಾಲ್ ಏನು ಮಾಡಿದ, ಬಾಗಿಲು ಮುಚ್ಚಿದ್ರೆ ಕಿಟಕಿ ಅಂತ, ಒರತೆ ಹತ್ತಿರ ನೀರಿಗೆ ಬಂದ ಬೇಥಾಕಳನ್ನ ಹಿಡಿದನಂತೆ. ಈ ನಡುವಿನೋರು ಇರ್ತಾರಲ್ಲ, ಅವರ ಮೂಗಿನ ತುದಿಯಲ್ಲೇ ಕೋಪ. ನಿಮ್ಮಕ್ಕ ನೋಡಮ್ಮ, ಸಮಪಾಲು ಅಂತಾರೆ, ಮನೆ ಅವಳಿಗೆ, ಒಲೆ ಅವಳಿಗೆ, ನಿನಗೇನು, ಬರೀ ಮಣ್ಣು. ನಿನ್ನ ಪಾಲು ನನಗೆ ಬಿಟ್ಟುಕೊಡು, ನಮ್ಮನೇಲಿ ಮಗಳ ಹಾಗೆ ಬಂದಿರು ಅಂದನಂತೆ. ಒಂದು ಪಾಲು ಕೈಗೆ ಬಂದ್ರೆ ಸಾಕು, ಮಿಕ್ಕಿದ್ದು ತಾನಾಗೇ ಬರುತ್ತೆ ಅಂತ ಅವನ ಎಣಿಕೆ.

ಬೇಥಾಕ್ ಮನೆಗೆ ಬಂದೋಳೇ ಕೊಡ ಕುಕ್ಕಿದ್ಲಂತೆ. ಅವತ್ತು ಉಣ್ಣಲಿಲ್ಲ, ಮಾರನೇ ದಿನವೂ ಯಾರ ಹತ್ತಿರವೂ ಮಾತಿಲ್ಲ. ಆಮೇಲೆ ಬಾಯಿ ಬಿಟ್ಟು, ಚಿಕ್ಕಪ್ಪ ಹೇಳಿದ್ದು ನಿಜ, ನಿನಗೆ ಮನೆ ಯಾಕೆ, ನೀನೇನು ಮೇಲಿಂದ ಇಳಿದಿದ್ದೀಯಾ ಅಂತ ಅಕ್ಕನ ಮೇಲೆ ಹರಿಹಾಯ್ದಳಂತೆ. ಮರಿಯೋಟ ಅಂದ್ಲಂತೆ, ಹಿರಿಯೋಳಿಗೆ ಮನೆ ಅನ್ನೋದು ಪದ್ಧತಿ ಕಣೆ, ಆದ್ರೆ ಆ ಪದ್ಧತಿಗೆ ಬಾಲ ಒಂದಿದೆ, ಚಿಕ್ಕಪ್ಪ ಅದನ್ನ ಹೇಳಲಿಲ್ಲ. ಮನೆ ತಗೊಂಡೋಳು ತಂಗಿಯರಿಗೆ ಬದಲು ಕೊಟ್ಟು ಸರಿ ಮಾಡಬೇಕು. ನಿನಗೇನು ಬೇಕು ಕೇಳು. ಬೇಥಾಕ್ ಇನ್ನೂ ಸಿಟ್ಟಲ್ಲೇ ಇದ್ಲಲ್ಲ, ಅಕ್ಕನಿಗೆ ಎಲ್ಲಿ ನೋಯುತ್ತೋ ಅಲ್ಲೇ ನೋಡಿ, ಕೆಂದ ಹಸು ಕೊಡು ಅಂದ್ಲಂತೆ. ಆ ಹಸು ಕರು ಆಗಿದ್ದಾಗ ತಾಯಿ ಸತ್ತು, ಮರಿಯೋಟ ತನ್ನ ಬೆರಳು ಚೀಪಿಸಿ ಹಾಲು ಕುಡಿಸಿ ಸಾಕಿದ್ದು. ಅವಳು ಹೋಗಿ ಹಗ್ಗ ಬಿಚ್ಚಿ ತಂಗಿ ಕೈಗೆ ಕೊಟ್ಟಳಂತೆ. ಆಫ್ರಿಕಾಗೆ ಏನು ಬೇಕು ಅಂದ್ರೆ, ಒಲೆ ಪಕ್ಕ ಮಲಗೋ ಜಾಗ ಅಂದ್ಲಂತೆ. ಅದೂ ಆಯ್ತು.

ಬೇಥಾಕ್ ಹಸು ಹಿಡ್ಕೊಂಡು ಅಂಗಳದ ಆ ತುದಿಗೆ ಹೋಗಿ ಕಟ್ಟಿದ್ಲು, ಇದು ನಂದು ಅಂತ. ಆ ಹಸು ರಾತ್ರಿಯೆಲ್ಲ ಅಂಬಾ ಅಂತ ಮರಿಯೋಟಳನ್ನ ಕರೀತಂತೆ. ಬೆಳಿಗ್ಗೆ ಬೇಥಾಕ್ ಹಾಲು ಕರೆದು, ಎಲ್ಲಿ ಇಡೋದು ಅಂತ ನೋಡಿ, ಸೀದಾ ಅಕ್ಕನ ಅಡುಗೆಮನೆಗೆ ತಂದು ಇಟ್ಟು, ಹಸು ನಂದು, ಹಾಲು ಎಲ್ಲರದು, ಮೈ ತೊಳೆಯೋ ಕೆಲಸ ನಿಂದು ಅಂದ್ಲಂತೆ. ಅಕ್ಕ ತಂಗಿ ಇಬ್ಬರೂ ನಕ್ಕರಂತೆ, ಆಮೇಲೆ ಅತ್ತರಂತೆ. ಮಾರ್ಸಲಿ ಅವರಿಬ್ಬರನ್ನೂ ನೋಡಿ, ದೇವರೇ, ಗಂಡು ಕೊಡಲಿಲ್ಲ ಅಂತ ಒಂದು ಕಾಲದಲ್ಲಿ ನಿನ್ನ ಮೇಲೆ ಮುನಿಸ್ಕೊಂಡಿದ್ದೆ, ತಪ್ಪಾಯ್ತು ಅಂತ ಮನಸ್ಸಲ್ಲೇ ಕೈ ಮುಗಿದ್ಲಂತೆ.

ನಿದ್ದೆ ಬಂತಾ? ಇಲ್ವಾ? ಸರಿ, ಇನ್ನು ಮೂರನೇದು, ಅಸಲು ಇರೋದೇ ಇಲ್ಲಿ.

ಮಕ್ಕಳಿಗೆ ಪಾಲಾಯ್ತು, ಅಮ್ಮನಿಗೆ? ಗಂಡ ಸತ್ತೋಳಿಗೆ ಅವನ ಹೊಲದಲ್ಲಿ ಮೂರರಲ್ಲಿ ಒಂದು ಭಾಗ, ಅವಳು ಬದುಕಿರೋ ತನಕ. ಅದು ಆ ದೇಶದ ಕಟ್ಟಳೆ. ಅವಳ ಕಾಲವಾದ ಮೇಲೆ ಮಕ್ಕಳಿಗೆ. ಮಕ್ಕಳು, ನಮ್ಮದೆಲ್ಲ ಅಮ್ಮಂದೇ ಅಲ್ವಾ, ಅಳೆಯೋದು ಯಾಕೆ ಅಂದ್ರಂತೆ. ಮಾರ್ಸಲಿ ಬುದ್ಧಿವಂತೆ, ನಾಳೆ ನಿಮಗೆ ಗಂಡಂದಿರು ಬರ್ತಾರೆ, ಅವರಿಗೂ ಅಮ್ಮಂದಿರು ಇರ್ತಾರೆ, ನನ್ನ ಅನ್ನ ನನ್ನ ಕೈಯಲ್ಲಿದ್ರೆ ನಾನು ಎಲ್ಲರ ಹತ್ರನೂ ಚೆನ್ನಾಗಿರ್ತೀನಿ, ಅಳೆಸಿ ಅಂದ್ಲಂತೆ. ಈ ಮಾತು ಕೇಳಿ ಆಸ್ಪತ್ರೆ ಮಂಚದ ಮೇಲೆ ನಾನು ಎದ್ದು ಕೂತಿದ್ದೆ ನೋಡು.

ಆಮೇಲೆ ಶೆರೀಫ ಮತ್ತೆ ಬಂದನಂತೆ. ಆ ಅಳತೆಗೆ ಒಂದು ಕ್ರಮ ಇತ್ತು. ಒಂದು ಟೋಪಿಯಲ್ಲಿ ಎರಡು ಕಲ್ಲು ಹಾಕೋದು, ಬಿಳಿದು ಬಿಸಿಲು, ಕರಿದು ನೆರಳು. ಒಂದನ್ನ ಎತ್ತೋದು. ಅವಳ ಪಾಲು ಬಿಸಿಲಿಗೆ ಬಂತು, ನೆರಳಿಗೆ ಬಂತು ಅಂತ ಅನ್ನೋರು. ದುಗಾಲ್ ಇದನ್ನ ದೂರದಿಂದ ಕೇಳಿದ್ದ ಅಷ್ಟೇ. ಅವನು ಊರ ಕಟ್ಟೆಗೆ ಹೋಗೋನು, ಎತ್ತಿನ ಜಗಳ, ಬದುವಿನ ಜಗಳ ಬಂದ್ರೆ ಕಿವಿ ನೆಟ್ಟಗೆ ಮಾಡ್ಕೊಂಡು ಕೂರೋನು, ವಿಧವೆಯರ ವಿಷಯ ಬಂತು ಅಂದ್ರೆ ಇದ್ಯಾವ ಕರಕರೆ ಅಂತ ಎದ್ದು ಹೋಗಿ ಹೆಂಡ ಕುಡಿಯೋನು. ಹಾಗಾಗಿ ನೆರಳು ಬಂದ್ರೆ ಅವಳಿಗೆ ನೆರಳ ಮೈಯ ಹೊಲವೆಲ್ಲ ಒಂದೇ ಕಡೆ ಹೋಗುತ್ತೆ ಅಂತ ತಿಳ್ಕೊಂಡುಬಿಟ್ಟ. ಅದು ತನ್ನ ಬದುವಿಗೇ ಅಂಟಿದ್ದು. ಹಿಮ ಕರಗದ ನೆಲ, ಮುದುಕಿ ಅಲ್ಲಿ ಏನು ಬೆಳೆದಾಳು, ತಿರುಗಿ ನೋಡೋದರಲ್ಲಿ ಗುತ್ತಿಗೆಗೆ ತಾನೇ ತಗೊಳ್ಳೋದು, ಆಮೇಲೆ ವರ್ಷಕ್ಕಿಷ್ಟು ಬಾಂದುಕಲ್ಲು ಮೇಲೆ ಸರಿಸ್ತಾ ಸರಿಸ್ತಾ ಗುಡ್ಡದ ನೆತ್ತಿಗೆ. ಅವನ ಲೆಕ್ಕ ಅದು.

ಅವನು ಮುಂದೆ ಬಂದು, ಮನೆಗೆ ನಾನೊಬ್ಬನೇ ಗಂಡು ದಿಕ್ಕು, ಕಲ್ಲು ನಾನೇ ತರ್ತೀನಿ ಅಂದನಂತೆ. ಹೊಳೆಯಿಂದ ತಂದು ಟೋಪಿಗೆ ಹಾಕಿ ಬಟ್ಟೆ ಮುಚ್ಚಿದನಂತೆ. ಅಷ್ಟು ಸಾಲದು ಅಂತ ಎಲ್ಲರ ಮುಂದೆ ಎದೆ ಮುಟ್ಕೊಂಡು, ಯಾವ ಕಲ್ಲು ಬರುತ್ತೋ ಅದೇ ಕೊನೆ, ಇದರ ಮೇಲೆ ನಾನಾಗಲಿ ನನ್ನ ಮಕ್ಕಳಾಗಲಿ ತಕರಾರು ತೆಗೆಯಲ್ಲ ಅಂತ ಆಣೆ ಬೇರೆ ಮಾಡಿದನಂತೆ. ಚಿಕ್ಕ ಮಗು ಎತ್ತಲಿ ಅಂದ್ರು. ಆಫ್ರಿಕಾ ಕಣ್ಣು ಮುಚ್ಚಿ ಕೈ ಹಾಕಿ ತೆಗೆದ್ರೆ ಕರಿದು.

ನೆರಳು, ಅಂತ ಶೆರೀಫ ಕೂಗಿದನಂತೆ. ಇನ್ನು ಹಿಮದ ನೆಲವೇ ನನಗೆ ಗತಿ ಅಂದ್ಕೊಂಡ್ಲಂತೆ ಮಾರ್ಸಲಿ. ಅವಳಿಗೂ ಈ ಅಳತೆ ಹೇಗೆ ಅಂತ ಗೊತ್ತಿಲ್ಲ, ಅವಳೇನು ದಿನಾ ವಿಧವೆ ಆಗಿದ್ಲಾ? ಎಲ್ಲರೂ ಗುಡ್ಡದ ಆಚೆ ನೆರಳ ಮೈ ಕಡೆ ಹೊರಟ್ರು. ಆಫ್ರಿಕಾ ಮಾತ್ರ ಹಿಂದೆ ಉಳಿದ್ಲು, ಟೋಪಿಯಲ್ಲಿರೋ ಬಿಳಿ ಕಲ್ಲು ಕಲ್ಲಾಟಕ್ಕೆ ಚೆನ್ನಾಗಿರುತ್ತೆ ಅಂತ ಕೈ ಹಾಕಿದ್ರೆ, ಅದೂ ಕರಿದೇ! ಮಗು ಓಡಿಹೋಗಿ ಅಮ್ಮನ ಕಿವಿಯಲ್ಲಿ, ಅಮ್ಮಾ ಎರಡೂ ಕರಿಕಲ್ಲು, ಚಿಕ್ಕಪ್ಪ ಮೋಸ ಮಾಡಿದ ಅಂದ್ಲಂತೆ. ಮಾರ್ಸಲಿಗೆ ನೆತ್ತಿಗೇರಿತು ಸಿಟ್ಟು, ನಿಲ್ಲಿಸಿ ಅಂತ ಕೂಗೋಕೆ ಬಾಯಿ ತೆಗೆದ್ಲು.

ಅಷ್ಟೊತ್ತಿಗೆ ಶೆರೀಫ ದುಗಾಲನ ಬದುವಿನ ಪಕ್ಕ ನಿಂತು, ಮೊದಲನೇ ಪಟ್ಟಿಗೆ ಕೋಲು ನೆಟ್ಟು, ಇದು ಮಕ್ಕಳಿಗೆ ಅಂದನಂತೆ. ಎರಡನೇದಕ್ಕೆ ಹೋಗಿ, ಇದೂ ಮಕ್ಕಳಿಗೆ ಅಂದನಂತೆ. ಮೂರನೇದಕ್ಕೆ ಹೋಗಿ, ಇದು ತಾಯಿಗೆ. ಮತ್ತೆ ಎರಡು ಮಕ್ಕಳಿಗೆ, ಒಂದು ತಾಯಿಗೆ. ಎರಡು ಮಕ್ಕಳಿಗೆ, ಒಂದು ತಾಯಿಗೆ. ಹೀಗೇ ಗುಡ್ಡ ಹತ್ತೋಕೆ ಶುರುಮಾಡಿದನಂತೆ. ಮಾರ್ಸಲಿ ತೆಗೆದ ಬಾಯಿ ಹಾಗೇ ಮುಚ್ಚಿದ್ಲು.

ದುಗಾಲ್ ಓಡಿಬಂದ. ಇದೇನು ಸ್ವಾಮಿ, ನೆರಳು ಬಂದಿದೆ, ನೆರಳ ಮೈ ಪೂರ್ತಿ ಅವಳಿಗೆ ಕೊಡಿ ಅಂತ ಕೂಗಾಡಿದನಂತೆ. ಶೆರೀಫ ಕೋಲು ಊರಿ ನಿಂತು, ಅಲ್ಲಯ್ಯ, ಊರಲ್ಲಿ ಇಷ್ಟು ಜನ ಹೆಂಗಸರಿಗೆ ಪಾಲು ಅಳೆದಿದ್ದೀನಿ, ಒಂದಕ್ಕಾದ್ರೂ ನೀನು ನಿಂತು ನೋಡಿದ್ಯಾ? ನೆರಳು ಅಂದ್ರೆ ನೆರಳಿಂದ ಎಣಿಕೆ ಶುರು ಅಂತ, ಬಿಸಿಲು ಅಂದ್ರೆ ಬಿಸಿಲಿಂದ. ಯಾವ ಕಡೆಯಿಂದ ಶುರು ಮಾಡಿದ್ರೂ ಒಳ್ಳೇ ನೆಲ ಕೆಟ್ಟ ನೆಲ ಎರಡರಲ್ಲೂ ಅವಳಿಗೆ ಪಾಲು ಬರಬೇಕು ಅಂತಲೇ ಹಿರಿಯರು ಹೀಗೆ ಮಾಡಿರೋದು. ಮತ್ತೆ, ತಕರಾರು ತೆಗೆಯಲ್ಲ ಅಂತ ಆಣೆ ಮಾಡಿದೋನು ನೀನೇ ತಾನೇ ಅಂದನಂತೆ. ದುಗಾಲ್ ಹುಳ್ಳಗೆ ನಕ್ಕು ಹಿಂದೆ ಸರಿದನಂತೆ. ಆ ಎಣಿಕೆ ಮಾಡಿಟ್ಟ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ ಕಣೆ.

ಇನ್ನೂ ಕೇಳು. ಎಣಿಸ್ತಾ ಎಣಿಸ್ತಾ ಗುಡ್ಡ ಇಳಿದು ಬಿಸಿಲ ಮೈಗೆ ಬಂದ್ರಲ್ಲ, ಕಟ್ಟಕಡೇ ಪಟ್ಟಿ, ಮನೆ ಬಾಗಿಲಿಗೇ ತಾಗಿದ್ದು, ಒರತೆ ಪಕ್ಕದ್ದು, ಗುಡ್ಡಕ್ಕೆಲ್ಲ ಬಂಗಾರದಂಥ ಪಟ್ಟಿ, ಎಣಿಕೆಯಲ್ಲಿ ಮೂರನೇದಾಗಿ ಬಂತಂತೆ. ಇದು ತಾಯಿಗೆ, ಅಂತ ಶೆರೀಫ ಕೋಲು ನೆಟ್ಟನಂತೆ. ಬಿಸಿಲಿಂದ ಎಣಿಸಿದ್ದಿದ್ರೆ ಏನಾಗ್ತಿತ್ತು ಹೇಳು? ಆ ಪಟ್ಟಿ ಮಕ್ಕಳಿಗೆ ಹೋಗಿ, ಕೊನೇ ಮೂರನೇದು ದುಗಾಲನ ಬದುವಿಗೆ ಅಂಟಿರೋದು, ಅಲ್ಲೇ ಅವಳಿಗೆ ಬೀಳ್ತಿತ್ತು. ಅವನ ಮೋಸದ ಕಲ್ಲೇ ಅವಳಿಗೆ ಮನೆ ಮುಂದಿನ ಬಿಸಿಲು ಕೊಡ್ತು. ಆಫ್ರಿಕಾ, ಅಮ್ಮಾ ಹೇಳಲಾ ಅಂತ ಕುಣೀತಿದ್ರೆ ಮಾರ್ಸಲಿ ಅವಳ ಬಾಯಿ ಮುಚ್ಚಿ, ಸುಮ್ಮನಿರು ಚಿನ್ನ, ಒಳ್ಳೇದಾಗಿದೆ ಅಂದ್ಲಂತೆ.

ಅಮ್ಮನ ಪಟ್ಟಿಗಳು ಬಿಟ್ಟು ಉಳಿದದ್ದನ್ನ ಅಕ್ಕ ತಂಗಿಯರಿಗೆ ಸಮವಾಗಿ ಹಂಚಿದ್ರಂತೆ. ಆಮೇಲೆ ಶೆರೀಫ ಆ ಹೊಲದಲ್ಲೇ ಬಗ್ಗಿ, ಆ ಹೊಲದ್ದೇ ಒಂದು ಹಿಡಿ ಮಣ್ಣು, ಒಂದು ಕಲ್ಲು ಎತ್ತಿ ಮರಿಯೋಟ, ಬೇಥಾಕ್, ಆಫ್ರಿಕಾ ಮೂವರ ಬೊಗಸೆಗೂ ಹಾಕಿದನಂತೆ. ಮಣ್ಣು ಕಲ್ಲು ಕೈಗೆ ಬಿತ್ತು ಅಂದ್ರೆ ಭೂಮಿ ನಿಂದಾಯ್ತು ಅಂತ ಅರ್ಥ. ಅಪ್ಪನ ಹೊಲದ ಮಣ್ಣು ಹೆಣ್ಣುಮಕ್ಕಳ ಬೊಗಸೆಯಲ್ಲಿ! ಹೇಳುವಾಗ ನರ್ಸಮ್ಮನ ಕಣ್ಣಲ್ಲೂ ನೀರಿತ್ತು, ನನಗಂತೂ ಬಿಡು.

ಆಮೇಲೆ ಕಟಾವು ಬಂತು. ಒರತೆ ಪಟ್ಟಿಯ ಮೊದಲ ಓಟ್ಸು ಬೀಸಿ ಮಾರ್ಸಲಿ ರೊಟ್ಟಿ ತಟ್ಟಿ, ಮೊದಲನೇ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಆಫ್ರಿಕಾ ಕೈಯಲ್ಲಿ ದುಗಾಲನ ಮನೆಗೆ ಕಳಿಸಿದ್ಲಂತೆ. ಕಲ್ಲು ತಂದ ದಿನ ಮೈದುನ ಮಾಡಿದ ಉಪಕಾರಕ್ಕೆ ಅಂತ ಹೇಳು ಅಂದ್ಲು. ದುಗಾಲನ ಹೆಂಡತಿ, ಅಬ್ಬಾ ಏನು ಉಪಕಾರ ಮಾಡಿದ್ರಿ ಅಂತ ಕೇಳಿದ್ರೆ ಅವನು ಇನ್ನೊಂದು ತುಂಡು ರೊಟ್ಟಿ ಬಾಯಿಗೆ ತುರುಕಿಕೊಂಡನಂತೆ. ಮುಂದಿನ ವರ್ಷವೂ ರೊಟ್ಟಿ ಬಂತು. ಅದರ ಮುಂದಿನ ವರ್ಷವೂ ಬಂತು. ಇವಳಿಗೆ ಗೊತ್ತೋ ಗೊತ್ತಿಲ್ವೋ, ಅಣಕಿಸ್ತಾಳೋ ನಿಜವಾಗ್ಲೂ ನೆನೆಸ್ತಾಳೋ, ತಿಳೀದೇ ಅವನು ಒದ್ದಾಡಿದನಂತೆ. ಆದ್ರೆ ರೊಟ್ಟಿ ರುಚಿಯಾಗಿತ್ತು ನೋಡು, ತಿನ್ನೋದು ಬಿಡಲಿಲ್ಲ.

ಒಂದು ವರ್ಷ ಮಾರ್ಸಲಿಗೆ ಮಂಡಿ ಹಿಡ್ಕೊಂಡು ಹಾಸಿಗೆ ಬಿಟ್ಟು ಏಳೋಕಾಗಲಿಲ್ಲವಂತೆ. ಮಕ್ಕಳು ಮೂವರೂ ಕಟಾವಿನಲ್ಲಿ, ರೊಟ್ಟಿ ಹೋಗಲಿಲ್ಲ. ಒಂದು ದಿನ ಬಾಗಿಲಲ್ಲಿ ಯಾರೋ ಕೆಮ್ಮಿದ ಹಾಗಾಯ್ತು, ನೋಡಿದ್ರೆ ದುಗಾಲ್, ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ನಿಂತಿದ್ದಾನೆ. ಅತ್ತಿಗೆ, ಈ ವರ್ಷ ರೊಟ್ಟಿ ಬರಲಿಲ್ಲ ಅಂದನಂತೆ. ಅವಳಿಗೆ ನಗು ಬಂತು. ಬಾ ಕೂತ್ಕೊ ಅಂದ್ಲು. ಅವನು ಕೂತು, ನೆಲ ನೋಡ್ತಾ, ಅತ್ತಿಗೆ, ಆ ಟೋಪಿಯಲ್ಲಿ ಏನಿತ್ತು ಅಂತ ನಿನಗೆ ಗೊತ್ತಾ ಅಂತ ಕೇಳಿದನಂತೆ.

ಅವತ್ತೇ ಗೊತ್ತು ಮೈದುನ ಅಂದ್ಲಂತೆ.

ಗೊತ್ತಿದ್ದೂ ಇಷ್ಟು ವರ್ಷ ರೊಟ್ಟಿ ಕಳಿಸಿದ್ಯಾ?

ಕಳಿಸದೇ ಏನು? ನಿನ್ನ ಮನಸ್ಸಲ್ಲಿ ಏನಿತ್ತೋ ಅದನ್ನ ನೀನೂ ದೇವರೂ ನೋಡ್ಕೊಳ್ಳಿ. ನಿನ್ನ ಕೈಯಿಂದ ನನಗೆ ಒಳ್ಳೇದಾಯ್ತು, ನಾನು ರೊಟ್ಟಿ ಕಳಿಸಿದ್ದು ಆ ಕೈಗೆ ಅಂದ್ಲಂತೆ.

ದುಗಾಲ್ ತನ್ನ ಎರಡೂ ಕೈ ತಿರುಗಿಸಿ ನೋಡ್ಕೊಂಡು, ಟೋಪಿ ಹಾಕ್ಕೊಂಡು ಎದ್ದು ಹೋದನಂತೆ. ಮಾರನೇ ದಿನ ಬೆಳಿಗ್ಗೆ ಮಕ್ಕಳು ಹೊಲಕ್ಕೆ ಹೋಗಿ ನೋಡ್ತಾರೆ, ನೆರಳ ಮೈಯಲ್ಲಿರೋ ಅಮ್ಮನ ಪಟ್ಟಿಯಲ್ಲಿ ಆಗಲೇ ಯಾರೋ ಕುಡುಗೋಲು ಹಿಡಿದು ಬಗ್ಗಿ ಕೊಯ್ತಿದ್ದಾರೆ. ಅಲ್ಲಿಂದ ಎರಡು ಪಟ್ಟಿ ಮಕ್ಕಳದು ಬಿಟ್ಟು, ಮತ್ತೆ ಅಮ್ಮನ ಪಟ್ಟಿಗೆ ಹೋಗಿ ಬಗ್ಗಿದನಂತೆ. ಎಣಿಕೆ ತಪ್ಪಲಿಲ್ಲ ಮಹರಾಯ, ಅಷ್ಟು ಚೆನ್ನಾಗಿ ಕಲ್ತಿದ್ದ.

ಆಮೇಲೆ ಮೂವರಿಗೂ ಮದುವೆ ಆಯ್ತು, ಗಂಡಂದಿರೇ ಗುಡ್ಡಕ್ಕೆ ಬಂದ್ರು, ಕೆಂದ ಹಸು ವಂಶ ಬೆಳೀತು. ಮಾರ್ಸಲಿ ತನ್ನ ಬಾಗಿಲ ಮುಂದಿನ ಬಿಸಿಲಲ್ಲಿ, ತನ್ನ ಹೊಲದ ಬದುವಿನ ಮೇಲೆ, ಯಾರ ಹಂಗೂ ಇಲ್ಲದೇ ಮೊಮ್ಮಕ್ಕಳನ್ನ ಆಡಿಸ್ಕೊಂಡು ಹಣ್ಣು ಹಣ್ಣು ಮುದುಕಿ ಆಗೋ ತನಕ ಇದ್ಲಂತೆ. ಆಫ್ರಿಕಾಗೂ ಒಂದು ಹೆಣ್ಣುಮಗು ಆಯ್ತು, ಅದು ನಿನ್ನ ಹಾಗೇ ಕಣ್ಣು ಎಳೀತಿದ್ರೂ ಇಲ್ಲ ಇಲ್ಲ ಅನ್ನೋದು. ಅವರ ಕಣಜ ತುಂಬ್ತು, ನಿನ್ನ ರೆಪ್ಪೆ ಮುಚ್ಚಿತು, ನನ್ನ ಕತೆ ಮುಗೀತು.